ಆಶೆಯ ಅಳತೆ

ವೇಗದ ವಿಷಯದಲ್ಲಿ ಲೋಕದ ಉಪದೇಶವು ಒಂದು ಬಗೆಯಾಗಿಲ್ಲ. ‘ನಿಧಾನವೇ ಪ್ರಧಾನ’ವೆಂದೂ ‘ಆತುರಗಾರನಿಗೆ ಬುದ್ಧಿ ಮಟ್ಟ’ವೆಂದೂ ಹೇಳಿ ಮಕ್ಕಳನ್ನು ಕೈಹಿಡಿದು ನಿಲ್ಲಿಸುವ ಹಿರಿಯರೇ, ಮತ್ತೊಂದು ಸಂದರ್ಭದಲ್ಲಿ ‘ಗಾಳಿ ಬಂದಾಗ ತೂರಿಕೋ’ ಎಂದು ಅವರನ್ನು ಮುಂದಕ್ಕೆ ತಳ್ಳುವರು. ಎರಡು ಮಾತೂ ಅನುಭವದಿಂದ ಹುಟ್ಟಿದುವು. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ನಿಜವಾದುವು. ಆದರೆ ಯಾವುದಕ್ಕೆ ಯಾವುದು ಸ್ಥಾನ, ಕೈಯಲ್ಲಿರುವುದನ್ನು ಎಲ್ಲಿಯವರೆಗೆ ಕಾಪಾಡಬೇಕು, ಎಲ್ಲಿಂದ ಮುಂದೆ ಅದನ್ನು ಧೈರ್ಯದಿಂದ ವೆಚ್ಚಮಾಡಬೇಕು ಎಂಬ ಪ್ರಶ್ನೆಗೆ ಗಾದೆಗಳಲ್ಲಿ ಉತ್ತರವಿಲ್ಲ. ನೀತಿಶಾಸ್ತ್ರವು ಮಧ್ಯಮಮಾರ್ಗವನ್ನು ಹೇಳುತ್ತದೆ; ಆದರೆ ಆ ಮಧ್ಯವು ಎಲ್ಲಿದೆಯೆಂಬುದನ್ನು ಗೇಣು ಮೊಳಗಳಲ್ಲಿ ಅಳೆದು ತೋರಿಸುವುದು ಅಪೂರ್ವ.

ಹೀಗೆ ಅಳೆದು ನೋಡಿರುವ ಒಂದು ವಿದ್ಯೆಯುಂಟು. ಅದು ಎಂಜಿನಿಲ್ಲದ ವಿಮಾನದಲ್ಲಿ, ಎಂದರೆ ಗ್ಲೈಡರಿನಲ್ಲಿ, ದೂರದ ಪಯಣಮಾಡುವ ವಿದ್ಯೆ. ಮೇಲುನೋಟಕ್ಕೆ ಇದು ಪಾಶ್ಚಾತ್ಯರ ಒಂದು ಸಾಹಸವಿನೋದವೆಂದು ಮಾತ್ರ ತೋರಬಹುದು. ಆದರೆ ಅದರಲ್ಲಿ ಹುಟ್ಟಿದ ಒಂದು ಚಿಕ್ಕ ಲೆಕ್ಕವು, ಮನುಷ್ಯನು ತನ್ನ ಆಶೆಯನ್ನು ಎಷ್ಟರಲ್ಲಿ ಇಟ್ಟುಕೊಳ್ಳಬೇಕೆಂಬ ದೊಡ್ಡ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ಮುಂದಿಡುತ್ತದೆ. ಆದುದರಿಂದ ವಿನೋದದಲ್ಲಿ ಆಸಕ್ತಿಯಿಲ್ಲದವರಿಗೂ ಅದು ವಿಚಾರಾರ್ಹವಾದುದು.

ಗ್ಲೈಡರಿನ ಸ್ಥಿತಿಯನ್ನು ಮೊದಲು ತಿಳಿಯತಕ್ಕದ್ದು. ಅದಕ್ಕೆ ಎಂಜಿನಿನ ಬಲವಿಲ್ಲದ ಕಾರಣ, ಸುತ್ತಣ ಗಾಳಿಯಲ್ಲಿ ಅದು ಯಾವಾಗಲೂ ಇಳಿಯುತ್ತಲೇ ಇರುತ್ತದೆ. ಇಳಿಯುತ್ತ ಮುಂದಕ್ಕೆ ಸಾಗುವುದೇ ಅದರ ಗತಿ. ಆದರೆ ಬಿಸಿಲಿಗೆ ನೆಲವು ಕಾದಾಗ, ನೆಲವನ್ನು ಸೋಕಿದ ಗಾಳಿಯೂ ಕಾದು ಹಗುರವಾಗಿ, ಅಲ್ಲಲ್ಲಿ ಕಂಬಗಳಂತೆ ಮೇಲಕ್ಕೇಳುತ್ತದೆ. ಇಂತಹ ಏರುಗಾಳಿಯನ್ನು ಆ ವಿದ್ಯೆಯವರು ಥರ್ಮಲ್ ಎನ್ನುವರು. ಬೇಸಗೆಯ ಮಧ್ಯಾಹ್ನದಲ್ಲಿ ಬಯಲಿನ ಮೇಲೆ ಹದ್ದು ರೆಕ್ಕೆಯನ್ನು ಬಡಿಯದೆ ಸುತ್ತು ಸುತ್ತಾಗಿ ಮೇಲೇರುವುದು ಇಂತಹ ಕಂಬದೊಳಗೇ. ಗ್ಲೈಡರು ಇಳಿಯುವುದಕ್ಕಿಂತ ಬೇಗನೆ ಗಾಳಿಯು ಏರುತ್ತಿದ್ದರೆ, ಅದರಲ್ಲಿ ಸುತ್ತುವ ಗ್ಲೈಡರೂ ಏರುತ್ತದೆ. ಹೀಗೆ ಒಂದು ಕಂಬದಲ್ಲಿ ಏರಿ, ಅಲ್ಲಿ ಸಂಪಾದಿಸಿದ ಎತ್ತರವನ್ನು ವೆಚ್ಚಮಾಡುತ್ತ ಮುಂದಕ್ಕೆ ಜಾರಿ, ಮತ್ತೊಂದು ಕಂಬವನ್ನು ಕಂಡುಕೊಂಡು ಪುನಃ ಏರುವುದೇ ಪಯಣದ ಕ್ರಮ. ಎತ್ತರವೇ ಈ ವೈಮಾನಿಕನ ಐಶ್ವರ್ಯ. ಅವನಲ್ಲಿ ಬೇರೆ ಬಂಡವಾಳವಿಲ್ಲ. ೧೯೭೨ರ ಏಪ್ರಿಲ್ ೨೫ರಂದು ಹಾನ್ಸ್ ವರ್ನರ್ ಗ್ರೋಸೆ ಎಂಬಾತನು ಜರ್ಮನಿಯ ಲ್ಯೂಬೆಕ್ ನಗರದಿಂದ ಫ್ರಾನ್ಸಿನ ಬಿಯಾರಿಟ್ಸ್‌ವರೆಗೆ ೧೪೬೦ ಕಿಲೋಮೀಟರುಗಳನ್ನು ಒಂದೇ ಹಗಲಿನಲ್ಲಿ ಕ್ರಮಿಸಿದುದು ಈ ಬಂಡವಾಳವೊಂದನ್ನೇ ಸಾರಿಸಾರಿಗೂ ಗಳಿಸಿ ಸಾರಿಸಾರಿಗೂ ಕಳೆದು.

ಈ ವಿದ್ಯೆಯು ಬೆಳೆದುದು ಜರ್ಮನಿಯ ರೋನ್ ಬೆಟ್ಟಗಳಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಆ ದೇಶಕ್ಕೆ ಎಂಜಿನುಳ್ಳ ವಿಮಾನಗಳ ವಿಷಯದಲ್ಲಿ ಸಂಧಿಯ ನಿರ್ಬಂಧಗಳು ಒದಗಿದುವು. ಹಾರುವ ಹಂಬಲವುಳ್ಳ ತರುಣರು ೧೯೨೦ರಲ್ಲಿ ವಾಸರ್‌ಕುಪ್ಪೆ ಎಂಬ ಶಿಖರದಲ್ಲಿ ಸೇರಿ ಎಂಜಿನಿಲ್ಲದೆ ಹಾರುವ ಸ್ಪರ್ಧೆಯನ್ನು ನಡೆಯಿಸಿದರು. ಮೊದಮೊದಲು ಬೆಟ್ಟದ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯೊಂದೇ ಅವರಿಗೆ ಆಧಾರವಾಗಿತ್ತು. ಬೆಟ್ಟವನ್ನು ಬಿಟ್ಟರೆ ನೆಲವೇ ಗತಿ. ೧೯೨೮ರ ಸುಮಾರಿಗೆ, ಗ್ಲೈಡರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಮುಳ್ಳಿನಿಂದ ತೋರಿಸುವ ವೇರಿಯೋಮೀಟರೆಂಬ ಯಂತ್ರವು ಬಳಕೆಗೆ ಬಂದಿತು. ಕಣ್ಣಿಗೆ ಕಾಣದ ಏರುಗಾಳಿಯನ್ನು ಹುಡುಕುವುದು ಅದರಿಂದ ಸಾಧ್ಯವಾಯಿತು. ೧೯೨೯ರಲ್ಲಿ ರಾಬರ್ಟ್ ಕ್ರೋನ್‌ಫೆಲ್ಡನು ೧೦೦ ಕಿಲೋಮೀಟರುಗಳ ಮೇರೆಯನ್ನು ದಾಟಿದನು. ಅಲ್ಲಿಂದ ಮುಂದೆ, ಮೇಲೆ ಉಳಿಯುವುದು ಹೇಗೆಂಬ ಪ್ರಶ್ನೆಯು ಹಿಂದಕ್ಕೆ ಸರಿದು, ಬೇಗನೆ ದೂರ ಸೇರುವುದು ಹೇಗೆಂಬ ಪ್ರಶ್ನೆಯು ಮುಂದಕ್ಕೆ ಬಂದಿತು.

ಆ ಪ್ರಶ್ನೆಯ ಗಂಟು ಇರುವುದು ಒಂದು ಏರುಗಾಳಿಗೂ ಮತ್ತೊಂದಕ್ಕೂ ನಡುವಣ ಜಾರುದಾರಿಯಲ್ಲಿ. ಅಲ್ಲಿ ಮೆಲ್ಲಗೆ ಹೋದರೆ ಎತ್ತರವು ಉಳಿಯುತ್ತದೆ, ಕಾಲವು ನಷ್ಟವಾಗುತ್ತದೆ. ವೇಗವಾಗಿ ಹೋದರೆ ಕಾಲವು ಉಳಿಯುತ್ತದೆ. ಆದರೆ ಎತ್ತರವು ಬೇಗಬೇಗನೆ ಕರಗಿ, ಮುಂದಣ ಏರುಗಾಳಿಯಲ್ಲಿ ಅದನ್ನು ಮತ್ತೆ ಸಂಪಾದಿಸಲು ಹೆಚ್ಚು ಹೊತ್ತು ಸುತ್ತಬೇಕಾಗುತ್ತದೆ. ಉಳಿಸಿದ ಕಾಲವು ಅಲ್ಲಿ ವೆಚ್ಚವಾಗಿ ಹೋಗಬಹುದು. ಹಾಗಾದರೆ ಯಾವ ವೇಗವು ಉತ್ತಮ?

ಉದಾಹರಣೆಗಾಗಿ ಒಂದು ಗ್ಲೈಡರನ್ನು ಕಲ್ಪಿಸಿಕೊಳ್ಳಬಹುದು. ಅದು ಗಂಟೆಗೆ ೯೦ ಕಿಲೋಮೀಟರು ವೇಗದಲ್ಲಿ ಹೋದರೆ ಸೆಕೆಂಡಿಗೆ ೦.೭ ಮೀಟರು ಇಳಿಯುತ್ತದೆ, ೧೨೦ರಲ್ಲಿ ೧.೧ ಮೀಟರು, ೧೫೦ರಲ್ಲಿ ೧.೭೫ ಮೀಟರು, ೧೮೦ರಲ್ಲಿ ೨.೭ ಮೀಟರು ಎಂದಿಟ್ಟುಕೊಳ್ಳತಕ್ಕದ್ದು. ಮುಂದಣ ಏರುಗಾಳಿಯು ೩೦ ಕಿಲೋಮೀಟರು ದೂರದಲ್ಲಿದ್ದು, ಅಲ್ಲಿ ಸೆಕೆಂಡಿಗೆ ೨ ಮೀಟರಿನಂತೆ ಏರಬಹುದಾಗಿದ್ದರೆ, ಆ ದೂರವನ್ನು ದಾಟಿ ಕಳೆದ ಎತ್ತರವನ್ನು ಮರಳಿ ಪಡೆಯಲು ೯೦ರ ವೇಗದವನಿಗೆ ೨೭ ನಿಮಿಷಗಳು ಬೇಕು. ೧೨೦ರವನಿಗೆ ೨೩ ಕಾಲು. ೧೫೦ರವನಿಗೆ ೨೨ ವರೆ. ೧೮೦ರವನಿಗೆ ಮತ್ತೆ ಹೆಚ್ಚಿ ೨೩ ವರೆ. ಆದಕಾರಣ ೧೫೦ ಉತ್ತಮ. ಮುಂದಣ ಏರಿಕೆಯು ಸೆಕೆಂಡಿಗೆ ೧ ಮೀಟರು ಮಾತ್ರವಾದರೆ, ೧೨೦ರವನೇ ೩೧ ವರೆ ನಿಮಿಷಗಳಲ್ಲಿ ಎಲ್ಲರಿಗಿಂತ ಮುಂದಾಗುವನು. ೧೮೦ರವನಿಗೆ ೩೭ ನಿಮಿಷಗಳು ಹಿಡಿಯುತ್ತವೆ. ಏರಿಕೆಯು ೪ ಮೀಟರಾದರೆ ೧೮೦ರ ವೇಗವೇ ಮೇಲು. ಅವನ ಕೆಲಸವು ೧೬ ಮುಕ್ಕಾಲು ನಿಮಿಷಗಳಲ್ಲಿ ಮುಗಿಯುತ್ತದೆ. ಗ್ಲೈಡರು ಅದೇ, ದೂರವೂ ಅದೇ; ಮುಂದೆ ಸಿಕ್ಕುವುದು ಬದಲಾದರೆ ಈಗಿನ ಉತ್ತಮವೇಗವೂ ಬದಲಾಗುತ್ತದೆ.

ಈ ಲೆಕ್ಕವನ್ನು ಕೋಷ್ಟಕವಾಗಿ ಬರೆದುಕೊಂಡು ೧೯೩೮ರ ರೋನ್ ಸ್ಪರ್ಧೆಯನ್ನು ಗೆದ್ದವನು ವುಲ್ಫ್‌ಗಾಂಗ್ ಸ್ಪೇಟೆ ಎಂಬ ಜರ್ಮನನು. ಅದೇ ವರ್ಷ ಪೋಲೆಂಡಿನ ಇಬ್ಬರು ಇದೇ ವಿಚಾರವನ್ನು ಪ್ರಕಟಿಸಿದರು. ಆದರೆ ಏರುಗಾಳಿಗಳ ನಡುವೆ ಗಾಳಿಯು ನಿಶ್ಚಲವಾಗಿರುವುದೆಂದು ಆ ಲೆಕ್ಕಗಳು ಭಾವಿಸಿದ್ದುವು. ವಾಸ್ತವವಾಗಿ ಒಂದು ಕಡೆ ಏರಿದ ಗಾಳಿಯು ಮತ್ತೊಂದು ಕಡೆ ಇಳಿಯಲೇಬೇಕಷ್ಟೆ. ಈ ಇಳಿಗಾಳಿಯನ್ನೂ ಲೆಕ್ಕಕ್ಕೆ ಸೇರಿಸಿದವರು ೧೯೪೭ರಲ್ಲಿ ಅರ್ನೆಸ್ಟ್ ಡ್ಯೂಯಿಂಗ್, ಜಾರ್ಜ್ ಪಿರೀ ಎಂಬುವರು. ಅಮೆರಿಕದ ಪಾಲ್ ಮೆಕ್ರೆಡಿಯು ಅದನ್ನು ಒಂದು ಉಂಗುರದಲ್ಲಿ ಅಡಗಿಸಿದನು. ವೇರಿಯೋಮೀಟರಿನ ಮುಖದ ಸುತ್ತ ತಿರುಗುವ ಆ ಉಂಗುರದ ಮೇಲೆ ವೇಗಗಳ ಅಂಕಿಗಳಿರುತ್ತವೆ. ಮುಂದಣ ಏರುಗಾಳಿಯಲ್ಲಿ ಎಷ್ಟು ಏರಿಕೆ ದೊರೆಯುವುದೆಂದು ನಿರೀಕ್ಷಿಸುವನೋ ಅಷ್ಟಕ್ಕೆ ವೈಮಾನಿಕನು ಉಂಗುರದ ಗುರುತನ್ನು ತಿರುಗಿಸಿಡುವನು. ಆಮೇಲೆ ಮುಳ್ಳು ಯಾವ ಅಂಕಿಯನ್ನು ಮುಟ್ಟುತ್ತದೆಯೋ ಅದೇ ಆ ಕ್ಷಣದಲ್ಲಿ ಹೋಗತಕ್ಕ ವೇಗ. ೧೯೫೬ರಲ್ಲಿ ಫ್ರಾನ್ಸಿನ ಸೇಂಟ್ ಯಾನ್‌ನಲ್ಲಿ ನಡೆದ ಲೋಕಸ್ಪರ್ಧೆಯಲ್ಲಿ ಮೆಕ್ರೆಡಿಯೇ ಗೆದ್ದನು. ಉತ್ತಮವೇಗವೆಂದರೆ ಅತಿವೇಗವೆಂದು ಅವನು ಎಂದೂ ತಿಳಿದವನಲ್ಲ. ೧೯೭೯ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಮನುಷ್ಯನ ಕಾಲ್ಬಲದಿಂದಲೇ ಸುಮಾರು ಮೂರು ಗಂಟೆಗಳಲ್ಲಿ ಮೆಲ್ಲಮೆಲ್ಲನೆ ದಾಟಿದ ವಿಮಾನವನ್ನು ರಚಿಸಿದವನೂ ಅವನೇ.

ಇಳಿಗಾಳಿಯಲ್ಲಿ ಉಂಗುರವು ಹೇಳುವ ಮಾತು ಮನಸ್ಸಿನ ಸಹಜಪ್ರವೃತ್ತಿಗೆ ವಿರುದ್ಧವಾದುದು. ಎತ್ತರವು ಬೇಗಬೇಗನೆ ನಷ್ಟವಾಗುತ್ತಿರುವುದನ್ನು ಕಂಡ ಹೊಸಬನು ಹೆದರಿ ಗ್ಲೈಡರಿನ ಮೂತಿಯನ್ನೆತ್ತಿ ವೇಗವನ್ನು ತಗ್ಗಿಸುವನು; ಉಳಿದುದನ್ನಾದರೂ ಉಳಿಸಿಕೊಳ್ಳಬೇಕೆಂಬುದು ಅವನ ಆಶಯ. ಫಲವೇನೆಂದರೆ, ತನ್ನನ್ನು ಕೆಳಕ್ಕೆಳೆಯುವ ಗಾಳಿಯಲ್ಲೇ ಅವನು ಹೆಚ್ಚು ಹೊತ್ತು ನಿಲ್ಲುವನು. ಉಂಗುರವಾದರೋ ಮೂತಿಯನ್ನು ಬಗ್ಗಿಸಿ ವೇಗವನ್ನು ಹೆಚ್ಚಿಸಿ ಪಾರಾಗೆಂದು ಹೇಳುತ್ತದೆ. ದಾರಿಯಲ್ಲಿ ಏರುಗಾಳಿಯ ಅಂಚು ಸಿಕ್ಕಿದರೆ ನಿಧಾನಿಸೆನ್ನುತ್ತದೆ. ಒಳ್ಳೆಯದರಲ್ಲಿ ತಡೆದು ನಿಂತು, ಕೆಟ್ಟದರಲ್ಲಿ ಬೇಗನೆ ಹಾಯ್ದು ಹೋಗುವುದೆಂದರೆ ಸುಲಭವೆಂದು ತೋರುತ್ತದೆ. ಆದರೆ ಕಷ್ಟಕಾಲದಲ್ಲಿ ಇನ್ನೂ ಕೊಂಚ ಹೆಚ್ಚು ನಷ್ಟವನ್ನು ಬುದ್ಧಿಪೂರ್ವಕವಾಗಿ ಒಪ್ಪಿಕೊಂಡು ಕಷ್ಟದಿಂದ ಹೊರಬೀಳುವುದು ಎಷ್ಟು ಜನರಿಂದ ಸಾಧ್ಯವಾಗಿದೆ? ಸಾಲದ ಬಡ್ಡಿಯನ್ನು ತೆರುತ್ತ ಹೊಲವನ್ನು ಹಿಡಿದುಕೊಂಡಿದ್ದು, ಕಡೆಗೆ ಬಡ್ಡಿಗೇ ಹೊಲವನ್ನು ಕಳೆದುಕೊಂಡ ಮನೆತನಗಳು ಊರೂರಿನಲ್ಲಿಯೂ ಉಂಟು. ಮೊದಲ ವರ್ಷವೇ ಅರ್ಧವನ್ನು ಮಾರಿದ್ದರೆ ಉಳಿದರ್ಧವು ಉಳಿಯುತ್ತಿತ್ತು.

ಇನ್ನು ಮುಖ್ಯವಾದ ಪ್ರಶ್ನೆ: ಗುರುತನ್ನು ಎಷ್ಟಕ್ಕೆ ಇಡಬೇಕು? ಇಲ್ಲಿ ಗಮನಿಸತಕ್ಕ ಮೊದಲನೆಯ ಅಂಶವೆಂದರೆ, ಅದನ್ನು ಇಡಬೇಕಾದುದು ಹಿಂದಣ ಏರುಗಾಳಿಯ ಬಲಕ್ಕಲ್ಲ, ಮುಂದಣದರ ಬಲಕ್ಕೆ. ಕೈಯಲ್ಲಿರುವ ಎತ್ತರವನ್ನು ಎಷ್ಟು ಕಷ್ಟದಿಂದ ಗಳಿಸಿದನೆಂಬುದು ಅದರ ಬೆಲೆಯಲ್ಲ. ಅದು ಕಳೆದುಹೋದರೆ ಮತ್ತೆ ಗಳಿಸಲು ಎಷ್ಟು ಕಷ್ಟಪಡಬೇಕೆಂಬುದೇ ಅದರ ಬೆಲೆ. ಬರಗಾಲದಲ್ಲಿ ಬೆಳೆದವನು ಸುಭಿಕ್ಷದಲ್ಲಿಯೂ ಕಾಳುಕಾಳಿಗೆ ಅಂಜುವನು. ತಂದೆಯ ಕಾಲದ ಸಮೃದ್ಧಿಯನ್ನು ಕಂಡವನು ಅದು ಬತ್ತಿದ ಮೇಲೆಯೂ ಅದೇ ಕೈಯಿಂದ ವೆಚ್ಚಮಾಡುವನು. ಇಬ್ಬರ ಸ್ವಭಾವವೂ ಬೇರೆ, ದೋಷವು ಮಾತ್ರ ಒಂದೇ: ಇಬ್ಬರೂ ತಾವು ಬಿಟ್ಟುಬಂದ ಗಾಳಿಯ ಲೆಕ್ಕದಲ್ಲಿ ಹಾರುತ್ತಿರುವರು.

ಎರಡನೆಯ ಅಂಶವು ಇನ್ನೂ ಗಹನವಾದುದು. ಗ್ಲೈಡರಿನ ಇಳಿತವನ್ನು ಅಳೆಯಬಹುದು. ಗಾಳಿಯ ಇಳಿತವನ್ನು ಮುಳ್ಳು ತೋರಿಸುತ್ತದೆ. ಮಿಕ್ಕುದೆಲ್ಲವನ್ನೂ ಗಣಿತವು ಮಾಡಿಕೊಡುತ್ತದೆ. ಆದರೆ ಮುಂದಣ ಏರುಗಾಳಿಯ ಬಲವೆಂಬ ಒಂದು ಅಂಕಿಯನ್ನು ಯಾವ ಯಂತ್ರವೂ ಕೊಡಲಾರದು. ಅದು ಇನ್ನೂ ಮುಟ್ಟದ ಗಾಳಿ. ಇಡೀ ಲೆಕ್ಕವು ನಿಂತಿರುವುದು ಆ ಒಂದು ಅಂಕಿಯ ಮೇಲೆ. ಅದನ್ನು ವೈಮಾನಿಕನು ತನ್ನ ವಿವೇಕದಿಂದಲೇ ತುಂಬಬೇಕು. ಆಶೆಯೆಂಬುದು ಅವನ ಕೈಯಲ್ಲಿ ಅಂಕಿಯಾಗಿ ಬಿಡುತ್ತದೆ.

ಸಾಮಾನ್ಯವಾಗಿ ಆಶೆಯನ್ನು ಒಂದು ಸ್ವಭಾವವೆಂದು ಎಣಿಸುವುದು ವಾಡಿಕೆ. ಒಬ್ಬನು ಆಶಾವಾದಿ, ಒಬ್ಬನು ನಿರಾಶಾವಾದಿ. ಅದು ಅವರವರ ಹುಟ್ಟುಗುಣ, ಅದರಲ್ಲಿ ಸರಿ ತಪ್ಪೆಂಬುದಿಲ್ಲ ಎನ್ನುವರು. ಆದರೆ ಉಂಗುರದ ಮೇಲೆ ಇಟ್ಟ ಗುರುತು ಸರಿಯಾಗಿರಬಹುದು ಅಥವಾ ತಪ್ಪಾಗಿರಬಹುದು. ‘ಮುಂದೆ ೩ ಮೀಟರು ದೊರೆಯುವುದು’ ಎಂಬುದು ಲೋಕದ ವಿಷಯವಾಗಿ ಆಡಿದ ಒಂದು ಮಾತು. ಮಾತೆಂದ ಮೇಲೆ ಅದು ಸತ್ಯಕ್ಕೆ ಬದ್ಧವಾದುದು. ಆದುದರಿಂದ ಆಶೆಯಲ್ಲಿಯೂ ಪ್ರಾಮಾಣಿಕತೆಯೆಂಬುದುಂಟು. ಒಳ್ಳೆಯ ವೈಮಾನಿಕನು ಮೋಡಗಳ ಬುಡವನ್ನು ನೋಡುವನು. ಅವು ಕಟ್ಟುತ್ತಿವೆಯೋ ಕರಗುತ್ತಿವೆಯೋ ಎಂದು ಪರೀಕ್ಷಿಸುವನು. ಕೆಳಗೆ ಒಣನೆಲವಿದೆಯೋ ಜವುಗಿದೆಯೋ ಎಂದು ಗಮನಿಸುವನು. ಸುತ್ತುವ ಹಕ್ಕಿಗಳನ್ನೂ ಇತರ ಗ್ಲೈಡರುಗಳನ್ನೂ ಕಾಣುವನು. ಹೊತ್ತು ಇಳಿದಂತೆಲ್ಲ ಏರುಗಾಳಿಯ ಬಲವು ಕುಗ್ಗುವುದೆಂಬುದನ್ನು ಮರೆಯನು. ಇಷ್ಟೆಲ್ಲ ನೋಡಿದ ಮೇಲೆ ಅವನು ಇಡುವ ಅಂಕಿಯು ತಪ್ಪಾದರೂ ಅದರಲ್ಲಿ ದೋಷವಿಲ್ಲ. ನೋಡದೆ ಇಟ್ಟ ಅಂಕಿಯು ಅಕಸ್ಮಾತ್ತಾಗಿ ಸರಿಹೋದರೂ ಅದರಲ್ಲಿ ಗುಣವಿಲ್ಲ. ಆಶೆಯ ನೀತಿಯು ಅದರ ಹೆಚ್ಚು ಕಡಮೆಯಲ್ಲಿಲ್ಲ. ಅದು ನೋಡಿ ಹುಟ್ಟಿದ್ದೋ ನೋಡದೆ ಹುಟ್ಟಿದ್ದೋ ಎಂಬುದರಲ್ಲಿದೆ.

ಆಶೆಯು ಸೊನ್ನೆಯಾದಾಗ ಏನು ಮಾಡಬೇಕೆಂಬುದಕ್ಕೂ ಈ ಲೆಕ್ಕದಲ್ಲಿ ಉತ್ತರವುಂಟು. ಮುಂದೆ ಯಾವ ಏರುಗಾಳಿಯೂ ಇಲ್ಲವೆಂದು ತಿಳಿದು ಗುರುತನ್ನು ಸೊನ್ನೆಗೆ ಇಟ್ಟವನಿಗೂ ಉಂಗುರವು ಅತಿ ಮೆಲ್ಲಗೆ ಹೋಗೆಂದು ಹೇಳುವುದಿಲ್ಲ. ಮೇಲಣ ಉದಾಹರಣೆಯ ಗ್ಲೈಡರು ಗಂಟೆಗೆ ೭೫ ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ೦.೬೫ ಮೀಟರಿನಂತೆ, ಎಲ್ಲಕ್ಕಿಂತ ಕಡಮೆಯಾಗಿ, ಇಳಿಯುವುದೆಂದು ಭಾವಿಸಿದರೆ, ೧೦೦೦ ಮೀಟರು ಎತ್ತರದಿಂದ ಅದು ೨೫ ನಿಮಿಷಗಳಿಗೂ ಮೀರಿ ಗಾಳಿಯಲ್ಲಿದ್ದು ೩೨ ಕಿಲೋಮೀಟರು ಹೋಗುತ್ತದೆ. ಅದೇ ಎತ್ತರದಿಂದ ೯೦ರ ವೇಗದಲ್ಲಿ ಹೋದರೆ ೨೪ ನಿಮಿಷಗಳೊಳಗೆ ನೆಲಕ್ಕೆ ಬರುವುದಾದರೂ ೩೫ ಕಿಲೋಮೀಟರನ್ನು ದಾಟಿರುತ್ತದೆ. ಉಂಗುರದ ಸೊನ್ನೆಯು ಹೇಳುವುದು ಈ ಎರಡನೆಯ ವೇಗವನ್ನು. ಹೆಚ್ಚು ಹೊತ್ತು ಉಳಿಯುವುದು ಬೇರೆ, ಹೆಚ್ಚು ದೂರ ಸೇರುವುದು ಬೇರೆ. ಆಶೆಯನ್ನೆಲ್ಲ ತೊರೆದವನ ಧರ್ಮವೂ ಇದ್ದುದನ್ನು ಅಪ್ಪಿಕೊಂಡು ಕೂಡುವುದಲ್ಲ.

ಹಾಗಾದರೆ ಪ್ರಾಮಾಣಿಕವಾಗಿ ಕಂಡುಕೊಂಡ ಅಂಕಿಯನ್ನು ಹಾಗೆಯೇ ಉಂಗುರದ ಮೇಲೆ ಇಟ್ಟರೆ ಸಾಕೆ? ಮೊದಲನೆಯ ಲೆಕ್ಕವು ಸಾಕೆನ್ನುತ್ತದೆ. ಆದರೆ ಅದು ಏರುಗಾಳಿಯು ಸಿಕ್ಕೇ ಸಿಕ್ಕುವುದೆಂದೂ, ಅದನ್ನು ತಲುಪುವವರೆಗೆ ಎತ್ತರವು ಸಾಲುವುದೆಂದೂ ಭಾವಿಸಿಕೊಂಡ ಲೆಕ್ಕ. ಮೇಲಣ ವೈಮಾನಿಕನು ೧೫೦೦ ಮೀಟರು ಎತ್ತರದಿಂದ ಹೊರಟನೆಂದು ಭಾವಿಸಬಹುದು. ೪ ಮೀಟರಿನ ಏರಿಕೆಯನ್ನು ನಂಬಿ ೧೮೦ರ ವೇಗದಲ್ಲಿ ಹೋದವನಿಗೆ ೩೦ ಕಿಲೋಮೀಟರನ್ನು ದಾಟಲು ೧೬೨೦ ಮೀಟರು ಬೇಕು. ಅವನು ಎರಡು ಕಿಲೋಮೀಟರು ಈಚೆಗೇ ನೆಲದ ಮೇಲಿರುವನು. ೧೫೦ರವನು ೨೪೦ ಮೀಟರು ಎತ್ತರದಲ್ಲಿ ಅಲ್ಲಿಗೆ ಬರುವನು. ೧೨೦ರವನು ೫೧೦ ಮೀಟರು ಎತ್ತರದಲ್ಲಿ. ಏರಿಕೆಯು ೨ ಮೀಟರಿನದಾದಾಗ ೧೫೦ಕ್ಕೂ ೧೨೦ಕ್ಕೂ ಕಾಲದಲ್ಲಿ ಇರುವ ಅಂತರವು ಮುಕ್ಕಾಲು ನಿಮಿಷ ಮಾತ್ರವೆಂಬುದನ್ನು ಮೇಲೆ ಕಂಡಾಯಿತು. ಆ ಮುಕ್ಕಾಲು ನಿಮಿಷವನ್ನು ತೆತ್ತವನಿಗೆ ೨೭೦ ಮೀಟರು ಎತ್ತರವು ಉಳಿಯುತ್ತದೆ. ನಿರೀಕ್ಷಿಸಿದ ಸ್ಥಳದಲ್ಲಿ ಏರುಗಾಳಿಯು ಇಲ್ಲದೆ ಹೋದರೆ, ಇನ್ನೂ ಒಂಬತ್ತು ಕಿಲೋಮೀಟರುಗಳಷ್ಟು ಹುಡುಕಲು ಅದು ಅವಕಾಶ ಕೊಡುತ್ತದೆ. ಉತ್ತಮಕ್ಕೂ ಉತ್ತಮದ ಸಮೀಪಕ್ಕೂ ಫಲದಲ್ಲಿ ಭೇದವು ಅಲ್ಪ, ಅಪಾಯದಲ್ಲಿ ಭೇದವು ಬಹಳ. ಗಣಿತದ ಶಿಖರವು ಚೂಪಾಗಿಲ್ಲ, ಚಪ್ಪಟೆಯಾಗಿದೆ.

೧೯೯೯ರಲ್ಲಿ ಜಾನ್ ಕಾಕ್ರೇನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ಈ ಅನಿಶ್ಚಯವನ್ನೂ ಮಿತವಾದ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಿ ಸಿದ್ಧಾಂತವನ್ನು ಪುನಃ ವಿಚಾರಿಸಿದನು. ಅವನಿಗೆ ದೊರೆತ ಫಲವೇನೆಂದರೆ, ಗುರುತನ್ನು ನಿರೀಕ್ಷಿತ ಏರಿಕೆಗಿಂತ ಕಡಮೆಯಲ್ಲಿಡಬೇಕು. ಎತ್ತರದಲ್ಲಿರುವಾಗ ಅದು ಹೆಚ್ಚಾಗಿರಬಹುದು, ಕೆಳಗಿಳಿದಂತೆಲ್ಲ ಅದನ್ನು ತಗ್ಗಿಸುತ್ತ ಬರಬೇಕು. ಮೇಲಿರುವವನು ದುರ್ಬಲವಾದ ಏರುಗಾಳಿಯನ್ನು ಬಿಟ್ಟು ಮುಂದೆ ಹೋಗಬಹುದು. ಕೆಳಗಿರುವವನು ಸಿಕ್ಕಿದುದಕ್ಕೆ ಕೃತಜ್ಞನಾಗಬೇಕು. ಹಕ್ಕಿಗಳು ಇದನ್ನು ಲೆಕ್ಕವಿಲ್ಲದೆ ಬಲ್ಲವೆಂದು ತೋರುತ್ತದೆ. ಏರುಗಾಳಿಯ ಆಧಾರದಿಂದ ವಲಸೆಹೋಗುವ ೧೨ ಜಾತಿಗಳ ೧೩೪೬ ಹಕ್ಕಿಗಳ ಗತಿಯನ್ನು ರೇಡಾರಿನಿಂದ ಗುರುತಿಸಿ ೨೦೧೪ರಲ್ಲಿ ವಿದ್ವಾಂಸರು ಪ್ರಕಟಿಸಿದ ಪರಿಶೋಧನೆಯಲ್ಲಿ, ಅವುಗಳ ಜಾರುವೇಗವು ದೇಹದ ಗಾತ್ರವನ್ನೂ ರೆಕ್ಕೆಯ ರಚನೆಯನ್ನೂ ಅನುಸರಿಸಿ ಬೇರೆಬೇರೆಯಾಗಿರದೆ ಒಂದು ಕಿರಿದಾದ ಮೇರೆಯೊಳಗೆ ಕೂಡಿತ್ತೆಂದು ಕಂಡುಬಂದಿತು. ನೆಲಕ್ಕೆ ಇಳಿಯಬೇಕಾದ ಅಥವಾ ರೆಕ್ಕೆ ಬಡಿದು ಆಯಾಸಪಡಬೇಕಾದ ಅಪಾಯವನ್ನು ಅನುಸರಿಸಿ ಹಕ್ಕಿಗಳು ವೇಗವನ್ನು ಹೊಂದಿಸಿಕೊಳ್ಳುವುವೆಂಬುದು ಆ ವಿದ್ವಾಂಸರ ಊಹೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜ. ಹೀಗೆ ಆಶೆಯನ್ನು ಕಡಿದು ಕಡಿದು ಇಡುವುದು ಹೇಡಿತನಕ್ಕೆ ಗಣಿತದ ಮುಸುಕನ್ನು ಹಾಕಿದಂತಲ್ಲವೆ? ಲೋಕದಲ್ಲಿ ದೊಡ್ಡ ಕಾರ್ಯಗಳನ್ನು ಮಾಡಿದವರು ಎತ್ತರವನ್ನು ಎಣಿಸುತ್ತ ಕುಳಿತಿದ್ದರೆ? ಆಕ್ಷೇಪದಲ್ಲಿ ಬಲವಿಲ್ಲದೆ ಇಲ್ಲ. ಆದರೆ ಹೇಡಿಯನ್ನೂ ವಿವೇಕಿಯನ್ನೂ ಗುರುತಿಸುವ ಸಾಧನವೂ ಆ ಲೆಕ್ಕದಲ್ಲಿಯೇ ಇದೆ. ಹೇಡಿಯ ಗುರುತು ೧೫೦೦ ಮೀಟರು ಎತ್ತರದಲ್ಲಿ, ಸಾಲುಸಾಲಾಗಿ ಕಟ್ಟಿದ ಮೋಡಗಳ ಕೆಳಗೆ ಕೂಡ, ಕೆಳಗೇ ನಿಂತಿರುತ್ತದೆ. ದುಡುಕಿನವನ ಗುರುತು ೪೦೦ ಮೀಟರು ಎತ್ತರದಲ್ಲಿಯೂ, ಬರಿದಾದ ಆಕಾಶದ ಕೆಳಗೆ, ಮೇಲೆಯೇ ನಿಂತಿರುತ್ತದೆ. ಇಬ್ಬರೂ ಆಕಾಶವನ್ನು ನೋಡುತ್ತಿಲ್ಲ. ತಮ್ಮ ಮನಸ್ಸನ್ನೇ ನೋಡಿಕೊಳ್ಳುತ್ತಿರುವರು. ವಿವೇಕಿಯ ಗುರುತು ಚಲಿಸುತ್ತಿರುತ್ತದೆ. ಧೈರ್ಯವು ಬೇಡವಾದುದೂ ಇಲ್ಲ: ಇಳಿಗಾಳಿಯಲ್ಲಿ ಮೂತಿಯನ್ನು ಬಗ್ಗಿಸುವುದಕ್ಕೂ, ಒಳ್ಳೆಯ ಆಕಾಶವನ್ನು ಒಳ್ಳೆಯದೆಂದು ನಂಬುವುದಕ್ಕೂ ಧೈರ್ಯವೇ ಬೇಕು.

ಕಡೆಯದಾಗಿ, ಲೆಕ್ಕವು ಮುಟ್ಟದೆ ಬಿಟ್ಟ ಒಂದು ಪ್ರಶ್ನೆಯುಂಟು. ನೀತಿಯ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ವೆಚ್ಚವಾಗುತ್ತಿರುವ ಎತ್ತರವು ಯಾರದು? ಒಬ್ಬನೇ ಕುಳಿತ ಗ್ಲೈಡರಿನಲ್ಲಿ ವೈಮಾನಿಕನು ತನ್ನ ಆಶೆಗೆ ತನ್ನನ್ನೇ ಪಣವಾಗಿ ಇಡುವನು. ಸೋತರೆ ಯಾವುದೋ ಹೊಲದಲ್ಲಿ ಇಳಿದು ಕಾಯುವವನು ಅವನೇ. ಆದರೆ ಎರಡು ಆಸನಗಳ ಗ್ಲೈಡರುಗಳೂ ಉಂಟು. ಹಿಂದಣ ಆಸನದಲ್ಲಿ ಕುಳಿತವನು ಉಂಗುರವನ್ನು ತಿರುಗಿಸಲಾರ. ಎಷ್ಟೋ ವೇಳೆ ಅದನ್ನು ಓದಲೂ ಅರಿಯ. ಮುಂದಿರುವವನು ತನ್ನೊಬ್ಬನಿಗೆ ಸಲ್ಲುವ ಅಂಕಿಯನ್ನು ಅಲ್ಲಿ ಇಡುವುದು ಧರ್ಮವಲ್ಲ. ಹಿಂದಿರುವವನು ಎಲ್ಲವನ್ನೂ ತಿಳಿದಿದ್ದರೆ ಯಾವ ಅಂಕಿಯನ್ನು ಒಪ್ಪುತ್ತಿದ್ದನೋ ಅದನ್ನೇ ಇಡಬೇಕು.

ಸಂಸಾರವು ಇಂತಹ ಗ್ಲೈಡರು. ಸಂಘಗಳೂ ರಾಜ್ಯಗಳೂ ಹಾಗೆಯೇ. ಮನೆಯ ಯಜಮಾನನು ಹೆಂಡತಿಯ ಒಡವೆಯನ್ನೂ ಮಕ್ಕಳ ಓದಿನ ಹಣವನ್ನೂ ಒಂದು ಹೊಸ ವ್ಯಾಪಾರದಲ್ಲಿ ತೊಡಗಿಸುವಾಗ, ತನ್ನ ಧೈರ್ಯವನ್ನು ಮೆಚ್ಚಿಕೊಳ್ಳುವ ಮುನ್ನ ಆ ಎತ್ತರವು ತನ್ನದೆ ಎಂದು ಕೇಳಿಕೊಳ್ಳತಕ್ಕದ್ದು. ಇದಕ್ಕೆ ವಿಪರೀತವಾದ ತಪ್ಪೂ ಅಷ್ಟೇ ಸಾಮಾನ್ಯವಾದುದು, ಮತ್ತು ಅದು ಸದ್ಗುಣದ ವೇಷದಲ್ಲಿರುವ ಕಾರಣ ಯಾರೂ ಅದನ್ನು ತಪ್ಪೆನ್ನುವುದಿಲ್ಲ. ದೂರದ ಊರಿನ ಕಾಲೇಜಿಗೆ ಹೋಗಬಯಸಿದ ಮಗಳನ್ನು ಕ್ಷೇಮದ ಹೆಸರಿನಲ್ಲಿ ಮನೆಯಲ್ಲೇ ನಿಲ್ಲಿಸುವ ತಂದೆತಾಯಿಗಳು ತಾವು ಏನನ್ನೂ ವೆಚ್ಚಮಾಡಲಿಲ್ಲವೆಂದು ನಂಬಿರುವರು. ಅವರು ವೆಚ್ಚಮಾಡಿರುವುದು ಕಾಲವನ್ನು; ಅದೂ ತಮ್ಮದಲ್ಲದ ಕಾಲವನ್ನು. ಏರುಗಾಳಿಯಿರುವ ಹೊತ್ತು ಅವಳ ಆಯುಸ್ಸಿನಲ್ಲಿಯೂ ಮಿತವಾದುದೇ. ಪರರ ಎತ್ತರವನ್ನು ಸೂರೆಮಾಡುವವನೂ ಪರರ ಮಧ್ಯಾಹ್ನವನ್ನು ಕಳೆಯುವವನೂ ಒಂದೇ ಅಪರಾಧವನ್ನು ಎರಡು ಬಗೆಯಾಗಿ ಮಾಡುವರು: ಅನ್ಯರ ಉಂಗುರವನ್ನು ತಮ್ಮ ಭಯಕ್ಕೋ ತಮ್ಮ ಹುಮ್ಮಸ್ಸಿಗೋ ತಿರುಗಿಸಿಡುವರು.

ಗ್ಲೈಡರಿನ ವಿದ್ಯೆಯಲ್ಲಿ ಮತ್ತೊಂದು ಕಟ್ಟುಪಾಡುಂಟು. ನೆಲದಿಂದ ಒಂದು ನಿಯತವಾದ ಎತ್ತರಕ್ಕೆ ಇಳಿದ ಮೇಲೆ ವೈಮಾನಿಕನು ಏರುಗಾಳಿಯ ಯೋಚನೆಯನ್ನು ಬಿಟ್ಟು, ಇಳಿಯಲು ತಕ್ಕ ಹೊಲವನ್ನು ಆರಿಸಿ, ಗಾಳಿಯ ದಿಕ್ಕನ್ನೂ ತಂತಿಬೇಲಿಗಳನ್ನೂ ದನಕರುಗಳನ್ನೂ ನೋಡಿಕೊಂಡು ಅಲ್ಲಿಗೆ ಇಳಿಯಬೇಕು. ಆ ಎತ್ತರದ ಕೆಳಗೆ ಕಡೆಯ ಏರುಗಾಳಿಗಾಗಿ ಸುತ್ತುತ್ತ ಹೋದವರು ಪ್ರಾಣವನ್ನೇ ಕಳೆದುಕೊಂಡಿರುವುದುಂಟು. ಆ ಎತ್ತ��ವನ್ನು ಅವನು ಹೊರಡುವ ಮೊದಲೇ, ಮನಸ್ಸು ಶಾಂತವಾಗಿರುವಾಗ, ಗೊತ್ತುಮಾಡಿಕೊಂಡಿರುವನು. ಏಕೆಂದರೆ ನೆಲವು ಸಮೀಪವಾದಾಗ ಆಶೆಯು ಅವನ ಕೈಯಲ್ಲಿ ಇರುವುದಿಲ್ಲ, ಅವನು ಆಶೆಯ ಕೈಯಲ್ಲಿರುವನು. ಹೊಲದಲ್ಲಿ ಇಳಿದವನು ಆ ದಿನದ ಸ್ಪರ್ಧೆಯನ್ನು ಸೋತಿರಬಹುದು. ಅವನ ಗ್ಲೈಡರು ಮುರಿದಿಲ್ಲ, ಸಂಗಡಿಗನು ಸುರಕ್ಷಿತನಾಗಿರುವನು; ಮಾರನೆಯ ದಿನ ನೆಲವು ಮತ್ತೆ ಕಾಯುವುದು.